ಬೇಡ ಎಂದವರಿಗೆ ಒಂಬತ್ತು ಶೀಟು

ಕೆಳಗೆ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ನನ್ನ ಕನ್ನಡಕದ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತೇನೆ. ಕನ್ನಡಕವೇ ಯಾಕೆಂದರೆ, ಅದಿಲ್ಲದೆ ನನಗೆ ಏನೂ ಕಾಣುವುದಿಲ್ಲ, ಮತ್ತು ನಾನು ಕಂಡದ್ದನ್ನು ಮಾತ್ರ ಬರೆಯುವವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನವರೆಲ್ಲ ನನ್ನನ್ನು ಮಾಮ ಎನ್ನುತ್ತಾರೆ. ನನಗಿಂತ ಹಿರಿಯರೂ ಹಾಗೇ ಎನ್ನುತ್ತಾರೆ. ಇಂಥವನ ಮಾತನ್ನು ನಂಬದಿದ್ದರೆ ನಷ್ಟ ನಿಮಗೆ.

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೀಸಿದ ಗಾಳಿಗೆ ಮೂರು ತಾಲ್ಲೂಕುಗಳಲ್ಲಿ ಒಟ್ಟು ನೂರ ಹದಿಮೂರು ಛಾವಣಿಗಳು ಹಾರಿಹೋದವು. ಜಯಪುರದ ರಸ್ತೆ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿರುವ ಗಂಗಾಂಬಿಕೆಯ ಒಂಬತ್ತು ಶೀಟುಗಳು ಒಟ್ಟಿಗೇ ಎದ್ದು, ಕೊಕ್ಕರೆಗಳ ಹಾಗೆ ಸಾಲು ಹಿಡಿದು ಶೃಂಗೇರಿಯ ದಿಕ್ಕಿಗೆ ಹೋದದ್ದನ್ನು ನಾನೇ ನೋಡಿದ್ದೇನೆ. ಆಗ ನಾನು ಅಲ್ಲಿ ಪಡ್ಡು ತಿನ್ನುತ್ತಿದ್ದೆ. ಪಡ್ಡು ಹಾರಲಿಲ್ಲ, ಹಿಡಿದುಕೊಂಡಿದ್ದೆ. ಒಂದು ಶೀಟು ಕಿಗ್ಗದ ಹತ್ತಿರ ಮರದ ತುದಿಯಲ್ಲಿ ಸಿಕ್ಕಿತು. ಕಾಡಿನೊಳಗೆ ಸಿಕ್ಕಿದ್ದರಿಂದ ಅದು ಅರಣ್ಯ ಉತ್ಪನ್ನವೆಂದು ಯಾರೋ ಒಬ್ಬ ಅಧಿಕಾರಿ ತೀರ್ಮಾನಿಸಿ, ಇಳಿಸಿದರೆ ದಂಡ ಎಂದು ಮರಕ್ಕೆ ಬೋರ್ಡು ಹೊಡೆಸಿದರು. ಉಳಿದ ಎಂಟರ ಸುಳಿವಿಲ್ಲ.

ಗಂಗಾಂಬಿಕೆ ನೀಲಿ ಟಾರ್ಪಾಲು ಎಳೆದು ಕಟ್ಟಿ ಒಂದು ಮಳೆಗಾಲ ದೂಡಿದಳು. ಅಷ್ಟರಲ್ಲಿ ಟಾರ್ಪಾಲು ದೋಸೆಯ ಹಾಗೆ ತೂತು ತೂತಾಗಿತ್ತು. ಇನ್ನೊಂದು ಮಳೆಗಾಲಕ್ಕೆ ಅದು ನಿಲ್ಲುವ ಹಾಗಿರಲಿಲ್ಲ. "ಜೂನ್ ಒಳಗೆ ಶೀಟು ಹೊದಿಸಿದ್ರೆ ಹೋಟೆಲು, ಇಲ್ದಿದ್ರೆ ಬಾಗ್ಲು ಹಾಕೋದೇ ಮಾಮ," ಎಂದಿದ್ದಳು. ಅವಳ ಪಡ್ಡು ಇಲ್ಲದ ಜಯಪುರಕ್ಕೆ ನಾನು ಹೋಗುವುದಾದರೂ ಎಂತಕ್ಕೆ? ಹೀಗಾಗಿ ವಿಷಯ ಗಂಭೀರವಾಗಿತ್ತು.

ಈ ಸಂಕಟ ಹೇಗೋ ಸಮುದ್ರದಾಚೆ ಸ್ವೀಡನ್ ದೇಶದ ಒಂದು ಸಾಂತ್ವನ ಮಿಷನ್ನಿಗೆ ತಿಳಿಯಿತು. ಅವರು ಆರ್ವಿಡ್ ಎಂಬ ಬ್ರದರ್ ಒಬ್ಬರನ್ನು ಪರಿಹಾರ ಕಾರ್ಯಕ್ಕೆಂದು ಕಳಿಸುವುದಾಗಿ ತಕ್ಷಣ ನಿರ್ಧರಿಸಿದರು. ತಕ್ಷಣ ನಿರ್ಧರಿಸಿದವರಿಗೆ ಅನುಮತಿಗಳು ಹನ್ನೊಂದು ತಿಂಗಳಲ್ಲಿ ದೊರೆತವು. ಯಾರನ್ನೂ ಯಾವುದಕ್ಕೂ ಪರಿವರ್ತಿಸುವುದಿಲ್ಲ ಎಂದು ಬ್ರದರ್ ಅವರಿಂದ ಮೂರು ಪ್ರತಿಗಳಲ್ಲಿ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ನಾವು ಅವರನ್ನು ಪರಿವರ್ತಿಸುವುದಿಲ್ಲ ಎಂದು ಮಾತ್ರ ನಮ್ಮಿಂದ ಯಾರೂ ಬರೆಸಿಕೊಳ್ಳಲಿಲ್ಲ. ಮುಂದೆ ಆದದ್ದಕ್ಕೆಲ್ಲ ಆ ಲೋಪವೇ ಕಾರಣ.

ಬ್ರದರ್ ನರಸಿಂಹರಾಜಪುರದಲ್ಲಿ ಕಮಾಲುದ್ದೀನ್ ಸಾಹೇಬರ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಕೋಣೆ ಹಿಡಿದರು. ಮನೆಗೆ ಒಂಬತ್ತರಂತೆ ನೂರ ಹದಿಮೂರು ಮನೆಗೆ ಬೇಕಾದ ಶೀಟುಗಳನ್ನು ಅದೇ ಅಂಗಡಿಯಿಂದ ಕೊಂಡು, ಅದೇ ಅಂಗಡಿಯ ಗೋಡೌನಿನಲ್ಲಿ ಇಟ್ಟರು. ಉಳಿದಿದ್ದು ಹಂಚುವುದೊಂದೇ. ಅದಕ್ಕೊಬ್ಬ ದುಭಾಷಿ ಬೇಕಾಯಿತು. ನಾನು ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಂಗ್ಲಿಷ್ ಮಾತಾಡಿದರೆ ಕೇಳುವುದಕ್ಕೆಂದೇ ಶೃಂಗೇರಿ ಬಸ್ಸು ಐದು ನಿಮಿಷ ತಡವಾಗಿ ಹೊರಡುತ್ತದೆ. ಬೇರೆ ಯಾರನ್ನು ಕರೆದಾರು?

ಮೊದಲ ಭೇಟಿ ಗಂಗಾಂಬಿಕೆಯ ಹೋಟೆಲಿಗೆ. ಬ್ರದರ್ ಆರೂಕಾಲು ಅಡಿ ಎತ್ತರದ, ಬಿಳಿ ಗಡ್ಡದ, ಬಹಳ ಸಾತ್ವಿಕ ಮನುಷ್ಯ. ಟಾರ್ಪಾಲಿನ ತೂತಿನಲ್ಲಿ ತಲೆ ಹೊರಗೆ ಹೋಗದ ಹಾಗೆ ಬಗ್ಗಿ ಕೂತು, ನಮೂನೆ ನಾಲ್ಕನ್ನು ತೆಗೆದು ಕೇಳಿದರು: "ತಮಗೆ ಛಾವಣಿಯ ಸಹಾಯ ಬೇಕೇ?"

ಗಂಗಾಂಬಿಕೆ ಸೆರಗಿಗೆ ಕೈ ಒರೆಸಿಕೊಂಡು ನಕ್ಕಳು. "ಅಯ್ಯೋ, ಬೇಡ ಬಿಡಿ. ನಮ್ದು ಹೇಗೋ ಆಗ್ತದೆ. ಪಾಪ, ಕಷ್ಟದಲ್ಲಿರೋರಿಗೆ ಕೊಡಿ."

ದುಭಾಷಿ ಆಡಿದ ಮಾತನ್ನಷ್ಟೇ ಅನುವಾದಿಸತಕ್ಕದ್ದು, ಆಡದ ಮಾತನ್ನು ಅನುವಾದಿಸತಕ್ಕದ್ದಲ್ಲ ಎಂದು ಮಿಷನ್ನಿನ ನಿಯಮ ಆರು ಹೇಳುತ್ತದೆ. ನಾನು ನಿಯಮ ಮೀರುವವನಲ್ಲ. ಬೇಡವಂತೆ ಎಂದೆ. ಬ್ರದರ್ ಕಣ್ಣು ತುಂಬಿಕೊಂಡು 'ಫಲಾನುಭವಿ ಸಹಾಯವನ್ನು ನಿರಾಕರಿಸಿದ್ದಾರೆ' ಎಂದು ಬರೆದು, ಕೆಳಗೆ ಅವಳ ಸಹಿ ಹಾಕಿಸಿಕೊಂಡರು.

ಆಮೇಲೆ ಅವಳು "ಕಾಫಿ ಕುಡೀರಿ" ಎಂದಳು. ಬ್ರದರ್ ಬೇಡ ಎಂದರು. ಅವಳು ಲೋಟ ಇಟ್ಟಳು. ಬ್ರದರ್ ನಿಜವಾಗಿಯೂ ಬೇಡ ಎಂದರು. ಅವಳು ಸಕ್ಕರೆ ಹಾಕಿದಳು. ಬ್ರದರ್ ಎರಡು ಲೋಟ ಕುಡಿದು, ಒಂದು ತಟ್ಟೆ ಪಡ್ಡು ತಿಂದು ಎದ್ದರು.

ಹೀಗೇ ಹನ್ನೆರಡು ದಿನ ತಿರುಗಿದೆವು. ನೂರ ಹದಿಮೂರು ಮನೆ, ನೂರ ಹದಿಮೂರು 'ಬೇಡ'. ಬ್ರದರ್ ಹೊಟ್ಟೆಗೆ ಇನ್ನೂರ ಆರು ಲೋಟ ಕಾಫಿ. ಹರಿಹರಪುರದಲ್ಲಿ ಒಬ್ಬ ಅಜ್ಜಿ ಛಾವಣಿಯಿಲ್ಲದ ಅಡುಗೆಮನೆಯಲ್ಲಿ ಕೊಡೆ ಹಿಡಿದುಕೊಂಡೇ ಒಗ್ಗರಣೆ ಹಾಕುತ್ತ, "ನಮಗೆಂತ ಕೊರತೆ, ದೇವರು ಕೊಟ್ಟದ್ದೇ ಬೇಕಾದಷ್ಟಿದೆ," ಎಂದರು. ಬ್ರದರ್ ಅದನ್ನೂ ಬರೆದುಕೊಂಡರು.

ಸ್ವೀಡನ್ನಿನಲ್ಲಿರುವ ಕೇಂದ್ರ ಕಚೇರಿಗೆ ವರದಿ ಹೋಯಿತು. ಅವರ ಎಪ್ಪತ್ತು ವರ್ಷದ ಸೇವೆಯಲ್ಲಿ ನೂರಕ್ಕೆ ನೂರು ಸಂತೃಪ್ತರಾದ ಸಂತ್ರಸ್ತರು ಸಿಕ್ಕಿದ್ದು ಇದೇ ಮೊದಲು. ಅವರು ನಮ್ಮ ಮೂರು ತಾಲ್ಲೂಕುಗಳಿಗೆ ಜಂಟಿಯಾಗಿ ಒಂದು ಪ್ರಶಸ್ತಿ ಫಲಕ ಘೋಷಿಸಿ, ಶೀಟುಗಳನ್ನು ಮೇ ಹದಿನೈದಕ್ಕೆ ಬೇರೆ ದೇಶಕ್ಕೆ ಹಡಗಿನಲ್ಲಿ ಸಾಗಿಸಲು ಆದೇಶಿಸಿದರು. ಫಲಕದ ಅಳತೆ ಎರಡಡಿಗೆ ಮೂರಡಿ. ಯಾವ ಛಾವಣಿಗೂ ಸಾಲುವುದಿಲ್ಲ.

ಸುದ್ದಿ ಕೇಳಿ ಗಂಗಾಂಬಿಕೆ ಫೋನು ಮಾಡಿದಳು.

"ಎಂತ ಮಾಮ ಇದು? ಶೀಟು ಹಡಗು ಹತ್ತುತ್ತದಂತೆ?"

"ನೀನೇ ಬೇಡ ಅಂದಿದ್ದಲ್ಲ ಮಾರಾಯ್ತಿ."

"ಕೇಳಿದ ಕೂಡ್ಲೇ ಹೂಂ ಅನ್ನೋಕೆ ನಾನೆಂತ ಆಸೆಬುರುಕಿಯಾ? ಇನ್ನೊಂದ್ಸಲ ಕೇಳ್ತಾರೆ ಅಂತ ಕಾಯ್ತಾ ಇದ್ದೆ. ಅವರು ಬರೆದೇ ಬಿಟ್ರು. ದೇವರಂಥ ಮನುಷ್ಯ ಮಾಮ, ಆದ್ರೆ ಕಿವಿ ಸ್ವಲ್ಪ ಬೇಗ."

"ಮುಂದಿನ ಸಲ ಕೇಳಿದ್ರೆ ಮುಚ್ಕೊಂಡು ಬೇಕು ಅನ್ನು," ಎಂದೆ. ಈ ಸಲಹೆ ಮುಂದೆ ನನ್ನ ಕುತ್ತಿಗೆಗೇ ಬಂತು. ಅದಿರಲಿ.

ನಾನು ನೇರ ಮಹಡಿಗೆ ಹೋಗಿ ಬ್ರದರ್ ಎದುರು ಕೂತೆ. ಅವರ ಮಾತುಗಳನ್ನು ಇಲ್ಲಿ ನಾನು ಒಳ್ಳೆಯ ಕನ್ನಡಕ್ಕೆ ಏರಿಸಿ ಕೊಡುತ್ತಿದ್ದೇನೆ.

"ಬ್ರದರ್, ಗಂಗಾಂಬಿಕೆ ಕಾಫಿ ಕೊಟ್ಟಾಗ ತಾವು ಏನೆಂದಿರಿ?"

"ಬೇಡವೆಂದೆ."

"ಎಷ್ಟು ಸಲ?"

"ಎರಡು."

"ಅದಕ್ಕೇ ಎರಡು ಲೋಟ ಕುಡಿದಿರಿ. ನಮ್ಮಲ್ಲಿ ಮೊದಲನೇ ಬೇಡ ನಮಸ್ಕಾರ ಇದ್ದ ಹಾಗೆ. ಎರಡನೇದು ಮರ್ಯಾದೆ. ಮೂರನೇದರ ಹೊತ್ತಿಗೆ ಬಡಿಸಿ ಆಗಿರುತ್ತದೆ."

ಬ್ರದರ್ ತಮ್ಮ ಕಾಫಿ ಲೆಕ್ಕವನ್ನು ತೆಗೆದು ನೋಡಿ, "ಹಾಗಿದ್ದರೆ ಆ ಇನ್ನೂರ ಆರು ಲೋಟಗಳಲ್ಲಿ ಒಂದೂ ನನ್ನ ಇಚ್ಛೆಯದಾಗಿರಲಿಲ್ಲವೇ?" ಎಂದರು. ಪ್ರಾಮಾಣಿಕ ಮನುಷ್ಯ. ಅಂದೇ ಕೂತು ಕೇಂದ್ರ ಕಚೇರಿಗೆ ಹದಿನಾಲ್ಕು ಪುಟ ಬರೆದರು.

ಕೇಂದ್ರ ಕಚೇರಿ ತಪ್ಪು ತಿದ್ದಿಕೊಳ್ಳುವುದರಲ್ಲಿ ಬಹಳ ಚುರುಕು. ಹಡಗನ್ನು ತಡೆಹಿಡಿದು ಒಂಬತ್ತೇ ದಿನದಲ್ಲಿ ಸುತ್ತೋಲೆ ಕಳಿಸಿತು. ಅದರ ಸಾರಾಂಶ ಹೀಗಿದೆ: ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ವ್ಯಾಪ್ತಿಯಲ್ಲಿ ಮೂರು ಬಾರಿ ಬೇಡ ಎನ್ನುವುದನ್ನು ಅರ್ಜಿ ಎಂದು ಪರಿಗಣಿಸತಕ್ಕದ್ದು. ಮೂರು ನಿರಾಕರಣೆಗಳೂ ಸಾಕ್ಷಿಯ ಸಮಕ್ಷಮದಲ್ಲಿ, ಸ್ಪಷ್ಟವಾಗಿ ಕೇಳಿಸುವಂತೆ ಇರತಕ್ಕದ್ದು. ಮೊದಲ ಬಾರಿಗೇ ಬೇಕು ಎಂದವರು ಸ್ಥಳೀಯ ಪದ್ಧತಿಯ ಪ್ರಕಾರ ನೈಜ ಸಂತ್ರಸ್ತರಲ್ಲವೆಂದು ಭಾವಿಸಿ ಅವರ ಹೆಸರನ್ನು ಕೈಬಿಡತಕ್ಕದ್ದು. ಎರಡು ನಿರಾಕರಣೆಗಳ ನಡುವೆ ಒತ್ತಾಯ ಮಾಡಲು ಒಬ್ಬ ಒತ್ತಾಯಾಧಿಕಾರಿಯನ್ನು ನೇಮಿಸತಕ್ಕದ್ದು.

ಆ ಹುದ್ದೆಗೆ ನನ್ನನ್ನು ಕರೆದರು. ನಾನು ಬೇಡ ಎಂದೆ. ಇನ್ನೊಮ್ಮೆ ಕೇಳಿದರು, ಬೇಡ ಎಂದೆ. ಮೂರನೇ ಸಲವೂ ಬೇಡ ಎಂದ ಮೇಲೆ ನಿಯಮದಂತೆ ನನ್ನ ಅರ್ಜಿ ಸ್ವೀಕೃತವಾಗಿ, ಕುತ್ತಿಗೆಗೆ ಹಾಕುವ ಗುರುತಿನ ಚೀಟಿ ಬಂತು.

ನಮ್ಮ ಎರಡನೇ ಸುತ್ತೂ ಗಂಗಾಂಬಿಕೆಯ ಹೋಟೆಲಿನಿಂದಲೇ ಆರಂಭವಾಯಿತು. ಬ್ರದರ್ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅವಳು ಒಳಗಿನಿಂದಲೇ, "ಬೇಕು. ಒಂಬತ್ತು ಶೀಟು ಬೇಕು. ಇವತ್ತೇ ಕೊಟ್ರೆ ಇವತ್ತೇ ಬೇಕು," ಎಂದಳು.

ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಗುರುತಿನ ಚೀಟಿ ಅಲ್ಲಾಡಿಸಿದೆ. ಅವಳು, "ನೀವೇ ಹೇಳಿದ್ದಲ್ವಾ ಮಾಮ?" ಎಂದಳು. ಬ್ರದರ್ ತಲೆ ತಗ್ಗಿಸಿ 'ಅನರ್ಹ' ಎಂದು ಬರೆದರು. ಬರೆಯುವಾಗ ಟಾರ್ಪಾಲಿನಿಂದ ನಿನ್ನೆಯ ಮಳೆಯ ಒಂದು ಹನಿ ಅದೇ ಪದದ ಮೇಲೆ ಬಿತ್ತು. ಅವರು ಒತ್ತುಕಾಗದ ಹಾಕಿ, ಇನ್ನೊಮ್ಮೆ ಸ್ಪಷ್ಟವಾಗಿ ಬರೆದರು.

ಉಳಿದ ಕಡೆ ಕೆಲಸ ಸುಗಮವಾಗಿ ಸಾಗಿತು. ಸುತ್ತೋಲೆಯ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಕೊಪ್ಪದ ಸೀತಾರಾಮಯ್ಯನವರ ಮನೆ ಎರಡು ಅಂತಸ್ತಿನ ತಾರಸಿ, ಅದನ್ನು ಅಲ್ಲಾಡಿಸುವ ಗಾಳಿ ಇನ್ನೂ ಹುಟ್ಟಬೇಕು. ಅವರು ನಮ್ಮ ಜೀಪು ನಿಲ್ಲಿಸಿ, ಕೈಮುಗಿದು, ಅತ್ಯಂತ ವಿನಯದಿಂದ ಆರು ಸಲ ಬೇಡ ಎಂದರು. ಎರಡು ಅರ್ಜಿ ಎಂದು ಪರಿಗಣಿಸಿ ಹದಿನೆಂಟು ಶೀಟು ಮಂಜೂರಾಯಿತು. ಕಮಾಲುದ್ದೀನ್ ಸಾಹೇಬರು ಗೋಡೌನಿನ ಬಾಗಿಲಲ್ಲೇ ನಿಂತು ಮೂರು ಸಲ ಬೇಡ ಎಂದರು. ಅವರ ಶೀಟುಗಳು ಗೋಡೌನಿನ ಎಡಗಡೆಯಿಂದ ಎದ್ದು ಬಲಗಡೆಗೆ ಹೋದವು.

"ಮಾರಿದ್ದೂ ನಂದೇ, ಬಂದದ್ದೂ ನಂಗೇ. ನಾನೆಂತ ಮಾಡ್ಲಿ ಮಾಮ? ಬೇಡ ಅಂದೆ, ಕೇಳಲಿಲ್ಲ," ಎಂದರು ಸಾಹೇಬರು.

ನಿಯಮಾನುಸಾರ ನಡೆದದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಬಾಯಿತಪ್ಪಿ ಬೇಕು ಎಂದವರಿಗೆ ಇನ್ನೊಂದು ಅವಕಾಶ ಕೊಡಲೆಂದು ಜಯಪುರದಲ್ಲಿ ಒಂದು ದಿನದ ನಿರಾಕರಣಾ ತರಬೇತಿ ಶಿಬಿರ ಏರ್ಪಾಡಾಯಿತು. ನಾನೇ ಮುಖ್ಯ ತರಬೇತುದಾರ. ಶಿಬಿರಕ್ಕೆ ಬರುತ್ತೀರಾ ಎಂದು ಕೇಳಿದಾಗ ಎಲ್ಲರೂ ಬೇಡ ಎಂದಿದ್ದರಿಂದ ಭರ್ತಿ ಹಾಜರಾತಿ ತೋರಿಸಲಾಯಿತು.

ಗಂಗಾಂಬಿಕೆ ಮಾತ್ರ ನಿಜವಾಗಿಯೂ ಬರಲಿಲ್ಲ. ಅಂದು ಮೇ ಇಪ್ಪತ್ತೆಂಟು. ದಕ್ಷಿಣದಲ್ಲಿ ಮೋಡ ಕಟ್ಟುತ್ತಿತ್ತು. ನಾನು, ಬ್ರದರ್ ಕೊನೆಯ ಸಲ ಅವಳ ಹೋಟೆಲಿಗೆ ಹೋದಾಗ ಅವಳು ಪಡ್ಡಿನ ಕಾವಲಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಬೆಂಚುಗಳನ್ನು ಒಂದರ ಮೇಲೊಂದು ಹಾಕಿ ಹಗ್ಗ ಬಿಗಿದಾಗಿತ್ತು. ನಾನು ಗುರುತಿನ ಚೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡೆ. ಒತ್ತಾಯಾಧಿಕಾರಿಗಳಿಗೂ ನಾಚಿಕೆ ಇರುತ್ತದೆ.

ಬ್ರದರ್ ಮೆಲ್ಲನೆ ಕೇಳಿದರು: "ತಮಗೆ ಛಾವಣಿಯ ಸಹಾಯ ಬೇಕೇ?"

"ಬೇಡ," ಎಂದಳು, ತಲೆ ಎತ್ತದೆ.

"ಹಾಗೆಲ್ಲ ಅನ್ಬಾರ್ದು ಮಾರಾಯ್ತಿ, ತಗೋ," ಎಂದು ನಾನು ಹುದ್ದೆಯ ಕರ್ತವ್ಯ ನಿರ್ವಹಿಸಿದೆ.

"ಬೇಡ ಅಂದೆನಲ್ಲ. ಒಂದ್ಸಲ ಬೇಡ ಅಂದ್ರೆ ಇಲ್ಲ, ಬೇಕು ಅಂದ್ರೂ ಇಲ್ಲ. ನಂಗೆ ನಿಮ್ಮ ಶೀಟೂ ಬೇಡ, ನಿಮ್ಮ ಕಾಗ್ದವೂ ಬೇಡ, ನೀವಿಬ್ರೂ ಬೇಡ. ಎದ್ದು ಹೋಗಿ ಮಾಮ, ಬೆಂಚು ಕಟ್ಬೇಕು."

ಇಷ್ಟು ಮನಸಾರೆ ಹೇಳಿದ ಬೇಡವನ್ನು ನಾನು ಮೂರು ತಾಲ್ಲೂಕಿನಲ್ಲಿ ಕೇಳಿರಲಿಲ್ಲ. ಬ್ರದರ್ ಬೆರಳು ಮಡಚಿ ಎಣಿಸಿದರು. ಒಟ್ಟು ಆರು. ಎಲ್ಲವೂ ಸ್ಪಷ್ಟ, ಎಲ್ಲವೂ ಸಾಕ್ಷಿಯ ಸಮಕ್ಷಮದಲ್ಲಿ. ಕೊನೆಯದಂತೂ ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿತ್ತು. ಬ್ರದರ್ 'ಅರ್ಹ' ಎಂದು ಬರೆದು, ಎದ್ದು ನಿಂತು, ತಲೆಯನ್ನು ಟಾರ್ಪಾಲಿನ ತೂತಿನಿಂದ ಹೊರಗೆ ಹಾಕಿ ದೇವರಿಗೆ ವಂದನೆ ಹೇಳಿದರು.

ಮಾರನೇ ದಿನ ಲಾರಿ ಬಂತು. ಜೂನ್ ಎರಡಕ್ಕೆ ಶೀಟು ಕೂತಿತು, ನಾಲ್ಕಕ್ಕೆ ಮಳೆ ಹಿಡಿಯಿತು. ಗಂಗಾಂಬಿಕೆ ಎರಡು ಅರ್ಜಿಗೆ ಬಂದ ಹದಿನೆಂಟರಲ್ಲಿ ಒಂಬತ್ತನ್ನು ಹರಿಹರಪುರದ ಕೊಡೆ ಅಜ್ಜಿಗೆ ಕಳಿಸಿದಳು. ಅಜ್ಜಿ ಮೂರನೇ ಬೇಡ ಹೇಳುವಷ್ಟರಲ್ಲಿ ಒಗ್ಗರಣೆ ಸೀದುಹೋಯಿತೆಂದು ಒಳಗೆ ಓಡಿದ್ದರಿಂದ ಅವರ ಅರ್ಜಿ ಅಪೂರ್ಣವಾಗಿತ್ತು.

ಬ್ರದರ್ ತಮ್ಮ ದೇಶಕ್ಕೆ ಹೊರಟರು. ವಿಮಾನದಲ್ಲಿ ಊಟ ತಂದಾಗ ಅವರು ಬೇಡ ಎಂದು ಹೇಳಿ ಕಾದರಂತೆ. ಮತ್ತೆ ಯಾರೂ ಕೇಳಲೇ ಇಲ್ಲವಂತೆ. ಮನೆಗೆ ಹೋದ ಮೇಲೆ ತಂಗಿಯೂ ಒಂದೇ ಸಲ ಕೇಳಿ ಪಾತ್ರೆ ಎತ್ತಿಟ್ಟಳಂತೆ. 'ಇಲ್ಲಿಯ ಜನಕ್ಕೆ ಮರ್ಯಾದೆ ಗೊತ್ತಿಲ್ಲ, ನಾನು ನಾಲ್ಕು ಕಿಲೋ ಇಳಿದಿದ್ದೇನೆ,' ಎಂದು ಪತ್ರ ಬರೆದಿದ್ದಾರೆ. ಈಗ ಅಲ್ಲಿಗೊಬ್ಬ ಒತ್ತಾಯಾಧಿಕಾರಿಯನ್ನು ಕಳಿಸುವ ಪ್ರಸ್ತಾವ ಪರಿಶೀಲನೆಯಲ್ಲಿದೆ. ಅನುಮತಿಗಳಿಗೆ ಹನ್ನೊಂದು ತಿಂಗಳು ಹಿಡಿಯಬಹುದು. ನಮ್ಮಲ್ಲಂತೂ ಸುತ್ತೋಲೆ ಇನ್ನೂ ಜಾರಿಯಲ್ಲಿದೆ, ಎಲ್ಲರಿಗೂ ಅನುಕೂಲವಾಗಿದೆ. ಪ್ರಶಸ್ತಿ ಫಲಕವನ್ನು ಗಂಗಾಂಬಿಕೆ ಸೌದೆ ನೆನೆಯದ ಹಾಗೆ ಮುಚ್ಚಿಟ್ಟಿದ್ದಾಳೆ.

ಕನ್ನಡಕದ ಮೇಲೆ ಪ್ರಮಾಣ ಮಾಡಿದ್ದರಿಂದ ಒಂದು ಸಣ್ಣ ವಿವರವನ್ನು ತಿದ್ದಬೇಕಾಗಿದೆ. ಒತ್ತಾಯಾಧಿಕಾರಿ ಹುದ್ದೆಯನ್ನು ನಾನು ಮೂರು ಸಲ ಬೇಡ ಎಂದೆ ಎಂದು ಬರೆದಿದ್ದೇನಲ್ಲ, ಅದು ನಾನು ಕಟ್ಟಿದ್ದು. ಬ್ರದರ್ ವಾಕ್ಯ ಮುಗಿಸುವ ಮೊದಲೇ ಹೂಂ ಎಂದಿದ್ದೆ. ನಿಯಮದ ಪ್ರಕಾರ ನಾನು ಅನರ್ಹ. ದಯವಿಟ್ಟು ಮಿಷನ್ನಿಗೆ ತಿಳಿಸುವುದು ಬೇಡ. ಒಂದೇ ಸಲ ಹೇಳಿದ್ದೇನೆ, ಎಣಿಸಿಕೊಳ್ಳಿ.