ಕಪ್ಪುಪಟ್ಟಿಯ ಮಾವ

ನನ್ನ ಮಾವನನ್ನು ನಾಲ್ಕು ದೇಶಗಳು ಕಪ್ಪುಪಟ್ಟಿಗೆ ಸೇರಿಸಿವೆ! ಗಾಬರಿ ಬೇಡ. ಕಳ್ಳಸಾಗಣೆಯಲ್ಲ, ಖೋಟಾನೋಟೂ ಅಲ್ಲ. ಅವರು ಮಾಡಿದ ಮಹಾಪರಾಧವೆಂದರೆ ಮೊಮ್ಮಗಳ ನಾಮಕರಣಕ್ಕೆ ಎಲ್ಲರನ್ನೂ ಮರ್ಯಾದೆಯಿಂದ ಕರೆದದ್ದು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನಮ್ಮದು ಮೀನುಗಾರರ ಮನೆತನ. ಅಜ್ಜ ಕಡಲಿಗೆ ಹೋದರು, ಮಾವ ಬೈಕಂಪಾಡಿಯ ಐಸ್ ಪ್ಲಾಂಟಿನಲ್ಲಿ ಮೂವತ್ತನಾಲ್ಕು ವರ್ಷ ಯಂತ್ರ ನೋಡಿಕೊಂಡು, ನಿವೃತ್ತರಾಗಿ ಕೊಟ್ಟಾರದ ಮನೆಯಲ್ಲಿ ಕೂತರು. ಕೂತರು ಎನ್ನುವುದು ಮಾತಿಗೆ ಮಾತ್ರ. ಯಂತ್ರ ಬಿಚ್ಚದೆ ಆ ಮನುಷ್ಯನಿಗೆ ಅನ್ನ ಸೇರುವುದಿಲ್ಲ. ಮಿಕ್ಸಿ, ಫ್ಯಾನು, ಅತ್ತೆಯ ಹೊಲಿಗೆ ಮಿಷನ್ನು ಎಲ್ಲವನ್ನೂ ಬಿಚ್ಚಿ, ಜೋಡಿಸಿ, ಪ್ರತಿಯೊಂದರಲ್ಲೂ ಎರಡೆರಡು ಸ್ಕ್ರೂ ಉಳಿಸಿಕೊಂಡ ಮೇಲೆ ಅವರ ಕಣ್ಣು ಬಿದ್ದದ್ದು ಈಮೇಲಿನ ಮೇಲೆ.

ಲೋಕದ ಜನರೆಲ್ಲ ಬಿಟ್ಟಿ ಸಿಗುವ ಈಮೇಲ್ ಬಳಸಿಕೊಂಡು ಸುಖವಾಗಿದ್ದಾರಷ್ಟೆ? ಮಾವನಿಗೆ ಅದು ಆಗದು.

"ಬಿಟ್ಟಿ ಮೇಲ್ ಅಂದ್ರೆ ಬೇರೆಯವರ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ ಹಾಗೆ. ಅವ ಯಾವಾಗ ಏಳು ಅಂತಾನೋ ಯಾರಿಗೆ ಗೊತ್ತುಂಟು? ನನ್ನ ಪತ್ರ ನನ್ನ ಮನೆಯಿಂದಲೇ ಹೊರಡ್ಬೇಕು!"

ಹಾಗೆ, ಐಸ್ ಪ್ಲಾಂಟಿನವರು ಗುಜರಿಗೆ ಹಾಕಲಿದ್ದ ಒಂದು ಹಳೆಯ ಕಂಪ್ಯೂಟರ್ ಮಾವನ ಸ್ವಂತ ಅಂಚೆ ಕಚೇರಿಯಾಯಿತು. ಇನ್‌ವರ್ಟರಿನ ವಯರು ಇರುವುದು ಅಡುಗೆಮನೆಯಲ್ಲಿ ಮಾತ್ರ. ಆದ್ದರಿಂದ ಸರ್ವರ್ ಕೂಡ ಅಲ್ಲೇ, ಗ್ರೈಂಡರಿನ ಪಕ್ಕದ ಕಪಾಟಿನಲ್ಲಿ. ಹಗಲಿರುಳು ಗುಂಯ್ ಎನ್ನುತ್ತದೆ, ಬೆನ್ನಿನಿಂದ ಬಿಸಿಗಾಳಿ ಬಿಡುತ್ತದೆ. ಅತ್ತೆ ಒಂದು ವಾರ ಜಗಳ ಮಾಡಿದರು. ಎಂಟನೆಯ ದಿನ ದೋಸೆಹಿಟ್ಟಿನ ಪಾತ್ರೆಯನ್ನು ಅದರ ಬೆನ್ನಿಗೆ ತಾಗಿಸಿ ಇಟ್ಟು ನೋಡಿದರು. ಜೋರು ಮಳೆಗಾಲದಲ್ಲೂ ಹಿಟ್ಟು ಉಕ್ಕಿ ಬಂತು! ಅಂದಿನಿಂದ ಬಂದ ನೆಂಟರಿಗೆಲ್ಲ ಅವರು ಹೇಳುವುದು ಒಂದೇ: "ಒಳ್ಳೆ ಮಿಷನ್ ಮಾರಾಯ್ರೆ. ಪತ್ರ ಹೋಗ್ತದಾ ಇಲ್ವಾ ನಂಗೆ ಗೊತ್ತಿಲ್ಲ. ಹಿಟ್ಟು ಮಾತ್ರ ಹುಳಿ ಬರ್ತದೆ."

ಇಷ್ಟೆಲ್ಲ ಸಂಭ್ರಮ ಮಾಡಿ ಮಾವ ಬರೆಯುತ್ತಿದ್ದದ್ದು ಯಾರಿಗೆ? ಮುಖ್ಯವಾಗಿ ಒಬ್ಬರಿಗೆ. ಹರೆಯದಲ್ಲಿ ಧಕ್ಕೆಯಲ್ಲಿ, ಅಂದರೆ ಮೀನಿನ ಬಂದರಿನಲ್ಲಿ, ಸಿಕ್ಕಿದ ಬ್ಯಾರಿ ಗೆಳೆಯನಿಗೆ. ಗೆಳೆಯನ ತಂದೆಗೆ ಅಲ್ಲಿ ಒಣಮೀನಿನ ಅಂಗಡಿ ಇತ್ತು. ಗೆಳೆಯ ಗಲ್ಫಿಗೆ ಹೋಗಿ ಅಲ್ಲೊಂದು ಸಣ್ಣ ಅಂಗಡಿ ಇಟ್ಟರು. ನಾವೆಲ್ಲ ಅವರನ್ನು ಕಾಕ ಎನ್ನುತ್ತೇವೆ. ಕಾಕನಿಗೆ ಈಗ ಎರಡೂ ಕಿವಿ ಮಂದ, ಫೋನಿನಲ್ಲಿ ಮಾತು ಸಾಗುವುದಿಲ್ಲ. ಅಂಗಡಿಯ ಕಂಪ್ಯೂಟರ್ ಬಿಟ್ಟು ಬೇರೆ ಏನನ್ನೂ ಮುಟ್ಟುವವರೂ ಅಲ್ಲ. ಹಾಗಾಗಿ ಶುಕ್ರವಾರ ನಮಾಜು, ಊಟ ಮುಗಿಸಿ ಅವರು ಒಂದು ಉದ್ದದ ಪತ್ರ ಬರೆಯುತ್ತಿದ್ದರು. ಶನಿವಾರ ಮಾವ ಅದಕ್ಕಿಂತ ಉದ್ದದ ಉತ್ತರ ಬರೆಯುತ್ತಿದ್ದರು. ಬಂಗುಡೆ ಹೇಗಿತ್ತು, ಮಂಡಿ ನೋವು ಎಷ್ಟಿತ್ತು, ಯಾರು ಹೋದರು, ಯಾರು ಹುಟ್ಟಿದರು ಎಲ್ಲ ಅದರಲ್ಲಿ ಉಂಟು. ಹೀಗೇ ವರ್ಷಗಟ್ಟಲೆ ನಡೆದಿತ್ತು.

ಆಮೇಲೆ ಬಂತು ನೋಡಿ, ಮೊಮ್ಮಗಳ ನಾಮಕರಣ!

ನಮ್ಮ ಕಡೆ ಕಾರ್ಯಕ್ರಮಕ್ಕೆ ಕರೆಯುವುದನ್ನು ಹೇಳಿಕೆ ಎನ್ನುತ್ತೇವೆ. ಹೇಳಿಕೆಯಲ್ಲಿ ಒಬ್ಬರು ಬಿಟ್ಟುಹೋದರೆ ಮುಗಿಯಿತು, ಮಕ್ಕಳ ಕಾಲಕ್ಕೂ ಆ ಮುನಿಸು ಆರುವುದಿಲ್ಲ. ಹೇಳಿದರೆ ಸಾಲದು, ನೆನಪಿಸಬೇಕು. ನೆನಪಿಸಿದರೂ ಸಾಲದು, ಮುನ್ನಾದಿನ "ಬರ್ತೀರಲ್ವಾ?" ಎಂದು ಕೇಳಬೇಕು. ಹೇಳುವವನೂ ಮನೆಯ ಯಜಮಾನನೇ ಆಗಬೇಕು. ಮಂಡಿನೋವಿನ ಮಾವ ಮನೆಮನೆಗೆ ಹೋಗುವ ಬದಲು ಈ ಪದ್ಧತಿಯನ್ನು ಇದ್ದ ಹಾಗೆಯೇ ಈಮೇಲಿಗೆ ಹತ್ತಿಸಿದರು. ಮುನ್ನೂರಕ್ಕೂ ಮಿಕ್ಕಿ ವಿಳಾಸ. ನೆಂಟರು, ನೆಂಟರ ಬೀಗರು, ಐಸ್ ಪ್ಲಾಂಟಿನವರು, ಹಲ್ಲಿನ ಡಾಕ್ಟ್ರು, ಯಾವಾಗಲೋ ಬಸ್ಸಿನಲ್ಲಿ ಪಕ್ಕ ಕೂತು ಕಾರ್ಡು ಕೊಟ್ಟವರು ಕೂಡ! ಎಲ್ಲರಿಗೂ ಒಂದೇ ಪತ್ರ. ಒಂದೇ ವಾರದಲ್ಲಿ ಮೂರು ಸಲ.

ಊಟದ ಪಂಕ್ತಿಯ ನಿಯಮವನ್ನೂ ಅವರು ಬಿಡಲಿಲ್ಲ. ಹೊರಗಿನವರಿಗೆ ಮೊದಲ ಪಂಕ್ತಿ, ಮನೆಯವರಿಗೆ ಕೊನೆಯದು. ಹೊರಗಿನವರ ಮೂರು ಸುತ್ತು ಮುಗಿದ ಮೇಲೆ ತೀರ ಹತ್ತಿರದವರಿಗೆ ಕಳುಹಿಸುವುದೆಂದು ಇಟ್ಟುಕೊಂಡರು. ಆ ಪಟ್ಟಿಯ ಕಟ್ಟಕಡೆಯ ಹೆಸರು ಕಾಕನದು.

ಇನ್ನು ನನ್ನ ಹೆಸರು ಎಲ್ಲಿತ್ತು ಗೊತ್ತೇ? ಹೊರಗಿನವರ ಪಟ್ಟಿಯಲ್ಲಿ! ಮಾವನ ಹೆಗಲ ಮೇಲೆ ಕೂತು ಬೆಳೆದವಳು ನಾನು. ಮದುವೆಯಾಗಿ ಜೆಪ್ಪುವಿಗೆ ಹೋದೆ, ಅಷ್ಟೆ. ಅಲ್ಲಿಂದ ಕೊಟ್ಟಾರಕ್ಕೆ ಎರಡು ಬಸ್ಸು. ಅಷ್ಟಕ್ಕೇ ಹೊರಗಿನವಳಾದೆನೇ? ಮೊದಲ ಸಲ "ಮಾನ್ಯರೇ" ಎಂದು ಬಂದಾಗ ಸುಮ್ಮನಾದೆ. ಎರಡನೆಯ ಸಲ ಹಲ್ಲು ಕಚ್ಚಿದೆ. ಮೂರನೆಯ ಸಲ "ಮಾನ್ಯರೇ, ಮರೆಯದಿರಿ" ಎಂದು ಬಂತು. ಆಗ ನಾನೊಂದು ಕೆಲಸ ಮಾಡಿದೆ. ನಿಮಗೆ ಮಾತ್ರ ಹೇಳುತ್ತಿದ್ದೇನೆ. ಸ್ಪ್ಯಾಮ್ ಎಂಬ ಗುಂಡಿ ಉಂಟಲ್ಲ, ಅದನ್ನು ಒತ್ತಿದೆ.

ನಾನೊಬ್ಬಳೇ ಒತ್ತಿರಲಿಕ್ಕಿಲ್ಲ. ಬಸ್ಸಿನ ಆಸಾಮಿ ಖಂಡಿತ ಒತ್ತಿರುತ್ತಾನೆ. ನಾಲ್ಕು ದೇಶಗಳಲ್ಲಿ ಎಲ್ಲೆಲ್ಲೋ ಕೂತ ಯಂತ್ರಗಳಿಗೆ ನಮ್ಮ ಹೇಳಿಕೆಯ ಪದ್ಧತಿ ಏನು ಗೊತ್ತು? ಒಬ್ಬನೇ ಮನುಷ್ಯ, ಮುನ್ನೂರು ಮಂದಿ, ಒಂದೇ ಪತ್ರ, ಮೂರು ಸಲ! ಇವನು ಕಳ್ಳನೇ ಸೈ ಎಂದು ತೀರ್ಮಾನಿಸಿ, ಮಾವನ ಮನೆಯ ಇಂಟರ್ನೆಟ್ ನಂಬರನ್ನು ಕಪ್ಪುಪಟ್ಟಿಗೆ ಹಾಕಿದವು. ಹತ್ತಿರದವರ ಸರದಿ ಬರುವಾಗ ಎಲ್ಲ ಬಾಗಿಲೂ ಮುಚ್ಚಿತ್ತು. ಊರಿನಲ್ಲಿದ್ದ ಐದಾರು ಜನರಿಗೆ ಮಾವ ಕುಂಟುತ್ತ ಹೋಗಿ ಹೇಳಿ ಬಂದರು. ಕಡಲಾಚೆಯ ಕಾಕನಿಗೆ ಹೇಳುವುದು ಹೇಗೆ? ಆ ಪತ್ರ ವಾಪಸು ಬಂತು, ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಅರ್ಥ ಇಷ್ಟೆ: ಕಳುಹಿಸಿದವರ ಹೆಸರು ಚೆನ್ನಾಗಿಲ್ಲ, ಆದ್ದರಿಂದ ಸ್ವೀಕರಿಸಲಾಗದು.

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. "ನೋಡು, ನನ್ನ ಹೆಸರು ಚೆನ್ನಾಗಿಲ್ಲ ಅಂತೆ!"

ಅತ್ತೆ ಕಾಯಿ ತುರಿಯುತ್ತಿದ್ದವರು ತಲೆ ಎತ್ತಿದರು. "ಅಷ್ಟು ದೂರದವರಿಗೆ ಹೇಗೆ ಗೊತ್ತಾಯ್ತು?"

ನಾನು ಹೇಳಿದೆ, "ಮಾವ, ನನ್ನ ಮೇಲ್‌ನಿಂದ ಕಾಕನಿಗೆ ಕಳಿಸುವ. ಒಂದು ನಿಮಿಷದ ಕೆಲಸ."

"ಹೇಳಿಕೆ ಬೇರೆಯವರ ಬಾಯಿಂದ ಹೇಳಿಸ್ಲಿಕ್ಕೆ ಉಂಟಾ? ನಾನು ಎಂತ ಸತ್ತಿದ್ದೇನಾ? ತಪ್ಪು ಮಾಡದವ ಹಿತ್ತಿಲ ಬಾಗಿಲಿಂದ ಯಾಕೆ ಹೋಗ್ಬೇಕು?"

"ಹಾಗಾದ್ರೆ ಅಂಚೆಗೆ ಹಾಕಿ."

"ಮೊದಲು ಕಳಂಕ ಹೋಗ್ಲಿ!"

ಅದೇ ಕೋಪದ ಬಿಸಿಯಲ್ಲಿ ಮಾವ ಸೇಡು ತೀರಿಸಿಕೊಂಡರು. ತನ್ನನ್ನು ತಡೆದ ಈಮೇಲ್ ಕಂಪೆನಿಗಳ ಹೆಸರುಗಳನ್ನೆಲ್ಲ ಒಟ್ಟಿಗೆ ಬಾಚಿ, ಕಣ್ಣೆತ್ತಿಯೂ ನೋಡದೆ, ತನ್ನ ಸರ್ವರಿನಲ್ಲಿ ತನ್ನದೇ ಒಂದು ಕಪ್ಪುಪಟ್ಟಿ ಮಾಡಿದರು. "ನಮ್ಮನ್ನು ಮನೆಗೆ ಸೇರಿಸದವರನ್ನು ನಾವು ಸೇರಿಸುವುದಾ?" ಆ ಕಂಪೆನಿಗಳ ಮೂಲಕ ಯಾರೇ ಬರೆಯಲಿ, ಅದು ನೇರ ಒಂದು ಮೂಲೆಗೆ. ಆ ಮೂಲೆಗೆ ಕಪ್ಪು ಕೋಣೆ ಎಂದು ಹೆಸರಿಟ್ಟರು. ನನ್ನ ಪತ್ರಗಳೂ ಅಲ್ಲಿಗೇ ಹೋದವು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಬಾಯಿ ಮುಚ್ಚಿಕೊಂಡೆ.

ನಾಮಕರಣ ಚೆನ್ನಾಗಿಯೇ ಆಯಿತು. ಹೇಳಿಕೆ ಮುಟ್ಟಿದವರಲ್ಲಿ ಬಸ್ಸಿನ ಆಸಾಮಿ ಒಬ್ಬನನ್ನು ಬಿಟ್ಟು ಎಲ್ಲರೂ ಬಂದಿದ್ದರು. ಕೊನೆಯ ಪಂಕ್ತಿಯಲ್ಲಿ ನಾವು ಮನೆಯವರು ಕೂತೆವು. ಮಾವ ಮಾತ್ರ ಕೂರಲಿಲ್ಲ. "ನೀವು ತಿನ್ನಿ, ನಂಗೆ ಈಗ ಹಸಿವಿಲ್ಲ" ಎಂದು ಗೇಟಿನ ಹತ್ತಿರ ಹೋಗಿ ನಿಂತರು.

ಅನಂತರದ ಶುಕ್ರವಾರ ಕಾಕನ ಪತ್ರ ಬರಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. "ಅವನಿಗೆ ಬೇಜಾರಾಗಿದೆ. ಆಗದೆ ಇರ್ತದಾ?" ಎಂದರು ಮಾವ. ಕಪ್ಪುಪಟ್ಟಿಯಿಂದ ಹೊರಬಂದ ದಿನವೇ ಅವನಿಗೆ ಎಲ್ಲ ವಿವರಿಸಿ ಬರೆಯುತ್ತೇನೆ ಎಂದು ಸೊಂಟ ಕಟ್ಟಿ ನಿಂತರು.

ಮೊದಲು ಕ್ಷಮಾರ್ಜಿ. ಕಪ್ಪುಪಟ್ಟಿ ನಡೆಸುವವರ ಅರ್ಜಿಯಲ್ಲಿ "ನಿಮ್ಮನ್ನು ಯಾಕೆ ತೆಗೆಯಬೇಕು?" ಎಂಬ ಪ್ರಶ್ನೆ ಇತ್ತು. ಮಾವ ಮೂರು ಪುಟ ಬರೆದರು. ತಾನು ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಮೆಮೊ ಪಡೆದಿಲ್ಲ. ಜೊತೆಗೆ ನಡತೆಯ ಪ್ರಮಾಣಪತ್ರಗಳು: ಐಸ್ ಪ್ಲಾಂಟಿನ ಧಣಿಗಳದ್ದು, ಭಜನಾ ಮಂದಿರದ ಅಧ್ಯಕ್ಷರದ್ದು, ಹಲ್ಲಿನ ಡಾಕ್ಟ್ರದ್ದು. ಡಾಕ್ಟ್ರು ಪಾಪ, "ಇವರ ಹಲ್ಲುಗಳು ಗಟ್ಟಿಯಾಗಿವೆ" ಎಂದೂ ಸೇರಿಸಿದ್ದರು! ಉತ್ತರ ಅರ್ಧ ನಿಮಿಷದಲ್ಲಿ ಬಂತು. ಈ ಪತ್ರವನ್ನು ಮನುಷ್ಯರು ಓದುವುದಿಲ್ಲ, ಇದಕ್ಕೆ ಉತ್ತರಿಸಬೇಡಿ ಎಂದಿತ್ತು. ಮಾವ ಅದಕ್ಕೂ ಉತ್ತರಿಸಿದರು.

ಇನ್ನೊಂದು ಪಟ್ಟಿಯವರ ತಕರಾರು ಬೇರೆ. ನಿಮ್ಮ ನೆರೆಹೊರೆಯ ನಂಬರುಗಳು ಸರಿಯಿಲ್ಲ, ಅಲ್ಲಿಂದ ಕಳ್ಳ ಪತ್ರಗಳು ಹೊರಡುತ್ತಿವೆ ಎಂದರು. ಸರಿ, ಮಾವ ಸ್ಕೂಟರ್ ಹತ್ತಿದರು. ಇಂಟರ್ನೆಟ್ ಹಾಕಿಕೊಟ್ಟವರ ಪ್ರಾಣ ತಿಂದು, ಆ ನೆರೆಯ ನಂಬರಿನವನು ಬೈಕಂಪಾಡಿಯ ಒಂದು ಟರ್ಪಾಲು ಹೊಲಿಯುವ ಶೆಡ್ಡಿನವನು ಎಂದು ಪತ್ತೆ ಹಚ್ಚಿದರು. ನಾನೂ ಹಿಂದೆ ಕೂತು ಹೋಗಿದ್ದೆ.

"ನೀವು ಲೋಕಕ್ಕೆಲ್ಲ ತೂಕ ಇಳಿಸುವ ಮಾತ್ರೆಯ ಜಾಹೀರಾತು ಕಳಿಸ್ತಾ ಇದ್ದೀರಿ!" ಮಾವ ಗುಡುಗಿದರು.

ಶೆಡ್ಡಿನ ಯಜಮಾನರು ಕುರ್ಚಿಯಿಂದ ಏಳಲು ನೋಡಿದರು. ಹೊಟ್ಟೆ ಮೇಜಿಗೆ ಸಿಕ್ಕಿಕೊಂಡು ಮತ್ತೆ ಕೂತರು. "ಅಂಥ ಮಾತ್ರೆ ನನ್ನತ್ರ ಇದ್ದಿದ್ರೆ ನಾನು ಹೀಗೆ ಇರ್ತಿದ್ದೆನಾ ಮಾರಾಯ್ರೆ?"

ಅವರ ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಮಾವ ಜಗಳ ಅಲ್ಲಿಗೇ ಬಿಟ್ಟು, ಶರ್ಟಿನ ತೋಳು ಮಡಚಿ, ಮೂರು ದಿನ ಹೋಗಿ ಅದನ್ನು ಬಿಚ್ಚಿ ತೊಳೆದು ಸರಿಮಾಡಿ ಕೊಟ್ಟರು. ಬರುವಾಗ ಅವರು ಪ್ರೀತಿಯಿಂದ ಒಂದು ಟರ್ಪಾಲು ಕೊಟ್ಟರು. ಎರಡು ಪಟ್ಟಿಗಳಿಂದ ಮಾವನ ಹೆಸರೂ ಹೋಯಿತು. ಕಾಕನ ಈಮೇಲ್ ಕಂಪೆನಿಯವರು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಹೀಗೆ ಏಳು ತಿಂಗಳು ಕಳೆಯಿತು. ಮಗು ಅಂಬೆಗಾಲಿಡತೊಡಗಿತು. ಶುಕ್ರವಾರ ಬಂತೆಂದರೆ ಮಾವ ಹತ್ತು ಸಲ ಅಡುಗೆಮನೆಗೆ ಹೋಗಿ ಬರುತ್ತಿದ್ದರು. ಅತ್ತೆ ಮೊದಮೊದಲು "ಹಿಟ್ಟು ನೋಡ್ಲಿಕ್ಕೆ ಹೋದದ್ದಾ?" ಎಂದು ಕೆಣಕುತ್ತಿದ್ದರು. ಆಮೇಲೆ ಅವರೂ ಕೆಣಕುವುದನ್ನು ಬಿಟ್ಟರು. ನನಗೋ, ಆ ಗುಂಡಿ ಒತ್ತಿದ ಬೆರಳನ್ನು ನೋಡಿದರೇ ನಾಚಿಕೆಯಾಗುತ್ತಿತ್ತು.

ಕಳೆದ ಭಾನುವಾರ ಮಾವನ ಸರ್ವರ್ ನಿಂತುಹೋಯಿತು. ಜಾಗ ತುಂಬಿದೆ ಎಂಬ ಸೂಚನೆ. ನಾನು ಕೊಟ್ಟಾರದಲ್ಲೇ ಇದ್ದೆ.

"ಆ ಕಪ್ಪು ಕೋಣೆ ತುಂಬಿರ್ಬೇಕು. ಎಲ್ಲ ಅಳಿಸಿ ಬಿಡು ಮಗಾ. ಕಳ್ಳರ ಪತ್ರ, ನೋಡ್ಲಿಕ್ಕೆ ಎಂತ ಉಂಟು ಅದ್ರಲ್ಲಿ?"

ಎಲ್ಲವನ್ನೂ ಗುರುತು ಹಾಕಿ ಅಳಿಸುವುದೊಂದು ಬಾಕಿ. ಬೆರಳು ಗುಂಡಿಯ ಮೇಲಿತ್ತು. ಒಂದು ಸಲ ಈ ಬೆರಳು ಮಾಡಿದ ಕೆಲಸ ನೆನಪಾಗಿ ಸುಮ್ಮನೆ ಪಟ್ಟಿಯನ್ನು ಕೆಳಗೆ ಎಳೆದೆ. ಕಾಕನ ಹೆಸರು ಕಂಡಿತು. ಇನ್ನೂ ಎಳೆದೆ. ಮತ್ತೆ ಕಾಕ, ಮತ್ತೆ ಕಾಕ. ಪ್ರತಿ ಶುಕ್ರವಾರವೂ ಒಂದೊಂದು, ಒಟ್ಟು ಇಪ್ಪತ್ತೊಂಬತ್ತು ಪತ್ರಗಳು!

ಕಾಕ ಮುನಿಸಿಕೊಂಡಿರಲೇ ಇಲ್ಲ. ಅವರ ಕಂಪೆನಿ ಮಾವನನ್ನು ತಡೆದಿತ್ತು, ಮಾವ ಅವರ ಕಂಪೆನಿಯನ್ನೇ ತಡೆದಿದ್ದರು. ನಾನು ಜೋರಾಗಿ ಓದತೊಡಗಿದೆ.

"ನಾಮಕರಣ ಆಯ್ತಂತೆ. ನನಗೆ ಹೇಳಿಕೆ ಬರ್ಲಿಲ್ಲ. ಪರವಾಗಿಲ್ಲ, ಗಡಿಬಿಡಿಯಲ್ಲಿ ಬಿಟ್ಟುಹೋಗಿರ್ಬೇಕು. ಮಗುವಿಗೆ ಎಂತ ಹೆಸರಿಟ್ಟಿರಿ?" ಎಂದು ಮೊದಲನೆಯದು. ಎರಡನೆಯದರಲ್ಲಿ ಬಂಗುಡೆಯ ವಿಷಯ, ಕೊನೆಗೆ, "ಮಗುವಿನ ಹೆಸರು ಎಂತ?" ಹನ್ನೊಂದನೆಯದರಲ್ಲಿ, "ನಾನು ಎಂತಾದರೂ ತಪ್ಪು ಬರೆದೆನಾ ಮಾರಾಯ? ಹೆಸರು ಹೇಳು." ಎಲ್ಲದರ ಕೊನೆಯಲ್ಲೂ ಅದೇ ಪ್ರಶ್ನೆ. ಮೊನ್ನೆ ಶುಕ್ರವಾರದ್ದು ಎಲ್ಲಕ್ಕಿಂತ ಚಿಕ್ಕದು. "ಅಂಗಡಿ ಮಗನಿಗೆ ಬಿಟ್ಟೆ. ಇನ್ನು ಊರಲ್ಲೇ ಇರುವ ಅಂತ ಆಸೆ. ನೀನು ಕರೆಯದೆ ನಿನ್ನ ಮನೆಗೆ ಬರುವುದು ಹೇಗೆ? ಮಗುವಿನ ಹೆಸರೊಂದು ಬರೆ, ಸಾಕು. ಅದನ್ನೇ ಹೇಳಿಕೆ ಅಂತ ತಿಳೀತೇನೆ."

ಮಾವ ಗ್ರೈಂಡರಿಗೆ ಕೈ ಊರಿ ನಿಂತಿದ್ದರು. ನನಗೆ ತಡೆಯಲಿಕ್ಕಾಗದೆ ಅತ್ತುಬಿಟ್ಟೆ. ಅಳುತ್ತಲೇ ಗುಂಡಿಯ ಕಥೆಯನ್ನೂ ಹೇಳಿದೆ.

"ಗೊತ್ತುಂಟು. ನಾಮಕರಣಕ್ಕೆ ಬಂದಾಗ ನಿನ್ನ ಮುಖ ನೋಡಿಯೇ ಗೊತ್ತಾಯ್ತು," ಎಂದರು ಮಾವ. "ಹೊರಗಿನವಳು ಅಂತ ಅಲ್ಲ ಮಗಾ. ನೀನು ಸಣ್ಣದಿರುವಾಗಲೇ ಮಹಾ ಮರೆಗುಳಿ. ಒಂದು ಸಲ ಹೇಳಿದ್ರೆ ಬರ್ಲಿಕ್ಕಿಲ್ಲ ಅಂತ ಮೂರು ಸಲದವರ ಪಟ್ಟಿಗೆ ಹಾಕಿದ್ದು."

ಆಮೇಲೆ ಕೈ ಚಾಚಿದರು. "ನಿನ್ನ ಫೋನ್ ಕೊಡು. ಆ ಬಿಟ್ಟಿ ಮೇಲ್ ತೆಗಿ."

ಬೇರೆಯವರ ಜಗಲಿಯಲ್ಲಿ ಎಂದೂ ಚಾಪೆ ಹಾಸದ ನನ್ನ ಮಾವ, ಅಂದು ನನ್ನ ಜಗಲಿಯಲ್ಲಿ ಕೂತು, ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಬರೆದರು:

"ಮಗುವಿನ ಹೆಸರು ಸಾನ್ವಿ. ಬೇಗ ಬಾ. ಕೊನೆಯ ಪಂಕ್ತಿ ಬಾಕಿ ಉಂಟು, ನಾನೂ ಇನ್ನೂ ಊಟಕ್ಕೆ ಕೂತಿಲ್ಲ."

ಕಳುಹಿಸಿದೆವು. ಮಾವ, ಅತ್ತೆ, ನಾನು ಮೂವರೂ ಫೋನನ್ನೇ ನೋಡುತ್ತ ಹತ್ತು ನಿಮಿಷ ಕೂತೆವು. ಪತ್ರ ವಾಪಸು ಬರಲಿಲ್ಲ.