ಟೇಲರ್ ಕಾಕಾನ ಬ್ಲಾಗೂ ನನ್ನ ‘ಸಾಂದರ್ಭಿಕ ಚಿತ್ರ’ವೂ

ನಮ್ಮ ಕಾಕಾನ ಬ್ಲಾಗಿಗೆ ಹನ್ನೊಂದು ಮಂದಿ ಓದುಗರಿದ್ದಾರೆ. ಅವರಲ್ಲಿ ಮೂವರು ಸ್ವತಃ ಕಾಕಾನೇ! ಒಂದು ಅವನ ಫೋನು, ಒಂದು ಅವನ ಹೆಂಡತಿ, ಅಂದರೆ ನಮ್ಮ ಕಾಕುವಿನ ಫೋನು, ಇನ್ನೊಂದು ಗಾಜು ಒಡೆದ ಹಳೆಯ ಫೋನು. ಮೂರರಿಂದಲೂ ತನ್ನ ಬರಹವನ್ನು ತಾನೇ ಮೆಚ್ಚಿಕೊಳ್ಳುವ ಈ ಮನುಷ್ಯ ಕಮಲಾಪುರ ಬಸ್ ನಿಲ್ದಾಣದ ಎದುರು ಟೇಲರ್. ನಾನು ಕಲಬುರಗಿಯ ಒಂದು ದಿನಪತ್ರಿಕೆಯ ವರದಿಗಾರ್ತಿ. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲ ಜೀವ. ರಜೆಯೆಲ್ಲ ನಂದೂರಿನ ಬೇಳೆ ಮಿಲ್ಲಿನಲ್ಲಿ ಬೇಳೆ ಆರಿಸಿ ಪಡೆದ ಡಿಗ್ರಿ ಅದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹೀಗಿರುವಾಗ, ಏಳನೇ ಇಯತ್ತೆ ಫೇಲಾದ ಕಾಕಾ “ನಾವಿಬ್ರೂ ಬರಿಯೋ ಮಂದಿ” ಎಂದು ಊರಿಗೆಲ್ಲ ಸಾರಿಕೊಂಡು ತಿರುಗಿದರೆ ಮೈ ಉರಿಯದೆ ಇರುತ್ತದೆಯೇ?

ಬಸ್ ನಿಲ್ದಾಣದ ಚಾವಣಿಯ ತಗಡು ಬಿದ್ದ ದಿನ ಅವನು ಬರೆದದ್ದು ಕೇಳಿ. ಮೊದಲ ಪ್ಯಾರಾ: ಅವತ್ತಿನ ಚಹಾದಲ್ಲಿ ಶುಂಠಿ ಹೆಚ್ಚಾಗಿತ್ತು. ಎರಡನೆಯದು: ಶುಂಠಿ ಹಾಕಿದವರು ಯಾರು. ಮೂರನೆಯದು: ಅವರ ಮಗಳ ಮದುವೆಗೆ ತಾನು ಹೊಲಿದ ಜಂಪರು. ತಗಡು ಬಿದ್ದದ್ದು ಒಂಬತ್ತನೆಯ ಪ್ಯಾರಾದಲ್ಲಿ!

ಫೋನು ಮಾಡಿ ಪಾಠ ಹೇಳಿದೆ. “ಕಾಕಾ, ಮುಖ್ಯ ಸುದ್ದಿ ಮೊದಲನೇ ಸಾಲಿನಾಗ ಬರಬೇಕು. ಏನು, ಎಲ್ಲಿ, ಯಾವಾಗ, ಯಾರು.”

“ಅಲ್ಲವ್ವಾ, ತಗಡು ಬಿದ್ದಾಗ ನಾ ಚಾ ಕುಡ್ಯಾಕತ್ತಿದ್ದೆ. ಚಾ ಮೊದಲು, ತಗಡು ಆಮ್ಯಾಲ. ಸುಳ್ಳು ಬರೀಲೇನು?”

ಇಂಥವರಿಗೆ ಏನು ಹೇಳುತ್ತೀರಿ?

ಬ್ಲಾಗಿನ ಕೆಳಗೆ ಓದಿದವರು ಅಭಿಪ್ರಾಯ ಬರೆಯುವ ಜಾಗವಿರುತ್ತದಲ್ಲ, ಅಲ್ಲಿ ಒಬ್ಬ ಗಿರಾಕಿ ಪ್ರತಿ ಬರಹಕ್ಕೂ ಒಂದೇ ಅಭಿಪ್ರಾಯ ಹಾಕುತ್ತಾನೆ: “ನನ್ನ ಪ್ಯಾಂಟ್ ಯಾವಾಗ ಕೊಡ್ತೀರಿ?” ಅಳಿಸಿಹಾಕು ಎಂದೆ. “ಯಾಕ ಅಳಿಸಲಿ? ಕೊಟ್ಟಿಲ್ಲಲ್ಲ!” ಎಂದ ಕಾಕಾ.

ಇಷ್ಟನ್ನಾದರೂ ಸಹಿಸಬಹುದು. ಅವನ ‘ಟ್ರಯಲ್’ ಅನ್ನು ಮಾತ್ರ ಸಹಿಸಲಾಗದು. ಅಂಗಿಗೆ ಕಚ್ಚಾ ಹೊಲಿಗೆ ಹಾಕಿ ಗಿರಾಕಿಯ ಮೈಮೇಲೆ ಇಟ್ಟು ನೋಡುತ್ತಾರಲ್ಲ, ಹಾಗೆ ಯಾರ ಬಗ್ಗೆ ಬರೆದಿದ್ದಾನೋ ಅವರ ಮನೆಗೇ ಹೋಗಿ, ಪ್ರಕಟಿಸುವ ಮೊದಲು ಪೂರ್ತಿ ಓದಿ ಹೇಳುತ್ತಾನೆ! “ಯಾರ ಮೈಮ್ಯಾಲ ಬರ್ತದೋ ಅವ್ರಿಗೆ ಹಾಕಿ ನೋಡಬೇಕವ್ವಾ” ಎನ್ನುತ್ತಾನೆ. ಪತ್ರಿಕಾವೃತ್ತಿಯ ಗಂಧವಾದರೂ ಇದೆಯೇ?

“ಪೊಲೀಸರ ಮ್ಯಾಲ ಬರದ್ರ ಠಾಣಾಕ್ಕ ಹೋಗಿ ಓದ್ತೀಯೇನು?” ಎಂದು ಚುಚ್ಚಿದೆ.

“ಹೋಗಿದ್ದೆ. ಕೂಡ್ಸಿ ಚಾ ಕೊಟ್ರು. ಶುಂಠಿ ಇರ್ಲಿಲ್ಲ.”

ಹೊಲಿಗೆಯಲ್ಲೂ ಇದೇ ತಲೆ. ನನ್ನ ಘಟಿಕೋತ್ಸವಕ್ಕೆ ಅವನು ಹೊಲಿದ ಚೂಡಿದಾರದ ಒಳಗೆ ಎರಡೆರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದ. “ಬೆಳಿಯೋ ಹುಡುಗಿ, ಮುಂದ ಸಡಿಲ ಮಾಡಾಕ ಬರ್ತದ” ಎಂದ. ನನಗಾಗ ಇಪ್ಪತ್ಮೂರು ವರ್ಷ! ಇನ್ನೆಲ್ಲಿಗೆ ಬೆಳೆಯಲಿ?

ಹೋದ ಬೇಸಿಗೆಯಲ್ಲಿ, ರಾಸಾಯನಿಕ ಹಾಕಿ ಮಾಗಿಸಿದ ಹಣ್ಣಿನ ಬಗ್ಗೆ ಎಚ್ಚರವಿರಲಿ ಎಂಬ ಪ್ರಕಟಣೆಯೊಂದು ನನ್ನ ಮೇಜಿಗೆ ಬಂತು. ಯಾವ ಊರಿನ ಹೆಸರೂ ಅದರಲ್ಲಿರಲಿಲ್ಲ. ಪಟಪಟ ಬರೆದೆ. ‘ವಿಷದ ಬಾಳೆ!’ ಎಂಬ ಶೀರ್ಷಿಕೆ ನನ್ನದೇ. ಚಿತ್ರ ಬೇಕಾಯಿತು. ಕಮಲಾಪುರಕ್ಕೆ ಹೋದಾಗ ತೆಗೆದ ಕೆಂಪು ಬಾಳೆಹಣ್ಣಿನ ಚೆಂದದ ಗಾಡಿಯೊಂದು ಫೋನಿನಲ್ಲಿತ್ತು. ಹಾಕಿದೆ. ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ಸಾಂದರ್ಭಿಕ ಚಿತ್ರ’ ಎಂದೂ ಬರೆದೆ. ಅಂದರೆ ಸುದ್ದಿಗೂ ಈ ಗಾಡಿಗೂ ಸಂಬಂಧವಿಲ್ಲ ಎಂದರ್ಥ. ಎಂಥ ಶಿಸ್ತು ನೋಡಿ ನಮ್ಮದು!

ಕಲಬುರಗಿಗೆ ಅದು ಯಾವುದೋ ಗಾಡಿ. ಕಮಲಾಪುರಕ್ಕೆ ಅದು ಹಸಿರು ಕೊಡೆಯ ಮಾಬೂಬಿಯ ಗಾಡಿ. ಕಾಕಾನ ಅಂಗಡಿಯ ಪಕ್ಕದಲ್ಲೇ ನಿಲ್ಲುತ್ತದೆ. ಹಣ್ಣನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಮಾಗಿಸುವ ಹೆಂಗಸು ಅವಳು.

ಮೂರನೇ ದಿನ ಕಾಕಾನ ಫೋನು. “ಮಾಬೂಬಿ ಗಾಡಿ ಕಡೀಗಿ ಯಾರೂ ಬರವಲ್ಲರವ್ವಾ. ಹಣ್ಣೆಲ್ಲ ಕರ್ರಗಾಗ್ಯಾವ. ಗಾಡಿ ಮಾರಿ ಮಗಳ ಮನಿಗಿ ಹೋಗ್ತೀನಿ ಅನ್ನಾಕತ್ತಾಳ.”

“ಸಾಂದರ್ಭಿಕ ಚಿತ್ರ ಅಂತ ಹಾಕೀನಲ್ಲ ಕಾಕಾ?”

“ಆಕಿಗಿ ಓದಾಕ ಬರಂಗಿಲ್ಲ. ಓದಾಕ ಬರೋರೂ ಅದನ್ನ ಓದಿಲ್ಲ.”

ಎರಡು ಸಾಲಿನ ಸ್ಪಷ್ಟೀಕರಣ ಹಾಕಿಸಿದೆ. ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ. ಅದನ್ನು ಓದಿದವಳು ನಾನೊಬ್ಬಳೇ ಇರಬೇಕು. ಕಾಕಾನಿಗಾದರೂ ಹನ್ನೊಂದು ಮಂದಿ!

ಮರುದಿನ ಮಧ್ಯಾಹ್ನ ಕಾಕಾ ನಮ್ಮ ಆಫೀಸಿನ ಎದುರಿನ ಚಹಾ ಅಂಗಡಿಯಲ್ಲಿ ಕೂತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಹೊಸ ಬರಹ ಮಾಡಿದ್ದಾನೆ, ಟ್ರಯಲ್ಲಿಗೆ ಬಂದಿದ್ದಾನೆ!

“ಮಾಬೂಬಿ ಮುಂದ ಓದಿದೇನು?” ಎಂದೆ.

“ಓದ್ದೆ. ‘ಏ ಟೇಲರ್ ಸಾಬ್, ಮುದುಕಿ ಅಂತ ಯಾಕ ಬರ್ದೀರಿ? ನಿಕಾಲೋ!’ ಅಂದಳು. ತೆಗದೆ. ಈಗ ನಿಂದು.”

ಓದತೊಡಗಿದ. ಗಾಡಿಯ ಹಸಿರು ಕೊಡೆ, ಹುಲ್ಲಿನ ವಾಸನೆ, ಹಣ್ಣು ಕೆಂಪಗಾಗುವವರೆಗೆ ಅವಳು ಕಾಯುವ ದಿನಗಳು, ಎಲ್ಲ ಬಂದವು. ಒಂಬತ್ತನೆಯ ಪ್ಯಾರಾದಲ್ಲಿ ನಾನು ಬಂದೆ: “ಆ ಸುದ್ದಿ ಬರೆದಾಕಿ ನಮ್ಮ ಮಗಳು. ಗಾಡಿ ತನಕ ಬಂದು ಕೇಳಲಿಲ್ಲ. ತಪ್ಪು ಮಾಡಿದಳು.”

ಓದುವುದನ್ನು ನಿಲ್ಲಿಸಿ ಕಾಕಾ ಕೊರಳಿನ ಟೇಪು ಸರಿಮಾಡಿಕೊಂಡ.

“ಎಲ್ಲಿ ಬಿಗಿ ಆಗ್ಯದ ಹೇಳವ್ವಾ, ಸಡಿಲ ಮಾಡ್ತೀನಿ.”

“ತಪ್ಪು ಅನ್ನೋದು ಇರಲಿ ಕಾಕಾ. ‘ನಮ್ಮ ಮಗಳು’ ಅನ್ನೋದು ತೆಗಿ. ಊರಾಗ ನಿನ್ನ ಮರ್ಯಾದಿ ಹೋಗ್ತದ.”

“ಅದು ತೆಗಿಯಂಗಿಲ್ಲ. ಅಳತಿ ಅದರ ಮ್ಯಾಲೇ ತಗೊಂಡೀನಿ.”

ಫೋನನ್ನು ನನ್ನ ಕೈಗೆ ಕೊಟ್ಟ. ಬರಹ ಮುಗಿದ ಮೇಲೆ ಕೆಳಗೆ ಒಂದಿಷ್ಟು ಖಾಲಿ ಜಾಗ ಇತ್ತು.

“ಇದೇನು ಬಿಟ್ಟೀದಿ?”

“ನೀ ಬಂದು ಮಾಬೂಬಿನ ಕೇಳಿ ಬರಿಯಾಕ. ಎರಡು ಬೆರಳು ಬಿಟ್ಟೀನಿ. ಬೆಳಿಯೋ ಹುಡುಗಿ.”

ಅವತ್ತೇ ಕಮಲಾಪುರದ ಬಸ್ಸು ಹತ್ತಿದೆವು. ಗಾಡಿಯ ಮುಂದೆ ನಿಂತು ಕೇಳಿದೆ, ಬರೆದೆ, ಅವಳಿಗೆ ಓದಿ ಹೇಳಿದೆ. ಆಮೇಲೆ ಕಾಕಾ ಬಸ್ ನಿಲ್ದಾಣದ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಓದಿದ. ಮುಂದೆ ಬಂದು ಮೊದಲ ಡಜನ್ ಹಣ್ಣು ಕೊಂಡವನು ಆ ಪ್ಯಾಂಟಿನ ಗಿರಾಕಿ. ಪ್ಯಾಂಟು ಅವನಿಗೆ ಇನ್ನೂ ಸಿಕ್ಕಿಲ್ಲವಂತೆ!

ಆ ಎರಡು ಬೆರಳಿನ ಜಾಗದಲ್ಲಿ ನಾನು ಹೀಗೆ ಶುರುಮಾಡಿದ್ದೆ: ‘ಮಾಬೂಬಿ ನನ್ನನ್ನು ಬೈಯುವ ಮೊದಲು ಒಂದು ಹಣ್ಣು ಸುಲಿದು ಕೊಟ್ಟಳು.’

ಮುಖ್ಯ ಸುದ್ದಿ ಮೊದಲನೇ ಸಾಲಿನಲ್ಲೇ ಇದೆ.