ಒಂದೆಳೆಯ ಪರೀಕ್ಷೆ

ನಮ್ಮ ದೊಡ್ಡಮ್ಮನ ಸೊಂಟದ ಚೀಲದಲ್ಲಿ ಎಲೆ ಅಡಿಕೆಯ ಜೊತೆ ಸದಾ ಒಂದು ಬೆಂಕಿಪೆಟ್ಟಿಗೆ ಇರುತ್ತದೆ. ಬೀಡಿ ಸೇದುತ್ತಾಳೆ ಎಂದುಕೊಂಡಿರಾ? ಹಾಗಿದ್ದರೆ ನಾವೆಲ್ಲ ಎಷ್ಟು ನೆಮ್ಮದಿಯಿಂದ ಇರುತ್ತಿದ್ದೆವು! ಯಾರಾದರೂ ತಮ್ಮ ಸೀರೆಗೆ ಊರಿನ ಹೆಸರು ಹೇಳಿದರೆ ಸಾಕು, ಅದರಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು ನೋಡುತ್ತಾಳೆ. ಬೂದಿಯಾದರೆ ಸರಿ. ಕರಗಿ ಕಪ್ಪು ಮಣಿಯಾದರೆ ಪ್ಲಾಸ್ಟಿಕ್ ನೂಲು. ತೀರ್ಪು ಮಾತ್ರ ಊರಿಗೇ ಕೇಳಿಸಬೇಕು.

ಒಮ್ಮೆ ನಾರಾಯಣಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಹೆಂಗಸು, “ಇದು ನಾರಾಯಣಪೇಟಿ ಸೀರಿ ರೀ” ಎಂದು ಸೆರಗು ತೋರಿಸಿದಳು. ದೊಡ್ಡಮ್ಮ ಎಳೆ ಸುಟ್ಟಳು, ಕಪ್ಪು ಮಣಿಯಾಯಿತು. “ಸೂರತ್ತಿನ ಕೂಸಿಗೆ ನಾರಾಯಣಪೇಟಿ ಅಂತ ಹೆಸರಿಟ್ಟಾರಲ್ಲವ್ವಾ!” ಕೋಸಗಿಗೆ ಹೋಗಬೇಕಾದ ಆ ಹೆಂಗಸು ಸಿಕ್ಕಿದ ಮಕ್ತಲ್ ಬಸ್ಸು ಹತ್ತಿ ಪಾರಾದಳು.

“ಮಂದಿ ಮನಸು ಯಾಕ ನೋಯಿಸ್ತಿ ದೊಡ್ಡಮ್ಮಾ?” ಎಂದು ಕೇಳಿದೆ.

“ನಾ ಗದ್ವಾಲದಾಕಿ. ನಿಮ್ಮಜ್ಜ ಅಲ್ಲಿ ಮಗ್ಗದ ಗುಣಿಯೊಳಗ ಕಾಲಿಟ್ಟು ಮುದುಕಾದ. ಸೀರಿಗಿ ಊರ ಹೆಸರಿಟ್ರ ಊರೆಲ್ಲ ಮಾತು ಕೊಟ್ಟಂಗ. ಆ ಹೆಸರಿನಾಗ ಸುಳ್ಳು ಹೇಳಿದ್ರ ಸುಮ್ನಿರ್ಲೇನು?”

ಕಳೆದ ತಿಂಗಳು ಮಕ್ತಲ್‌ನ ನಮ್ಮ ಮನೆಯಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಅವಳೇ ಮೆಚ್ಚಿದ ಹುಡುಗ. ಅವನ ಅಪ್ಪ ಮಾತ್ರ ಮಾತಿಗೆ ಮೊದಲು ಚಪ್ಪಲಿ ಹುಡುಕುವ ಮನುಷ್ಯ. ಊಟಕ್ಕೆ ಕರೆದದ್ದು ತಡವಾಯಿತೆಂದು ಹಿಂದೊಂದು ಸಂಬಂಧವನ್ನೇ ಬಿಟ್ಟು ಎದ್ದುಹೋಗಿದ್ದರಂತೆ! ನಾನು ಬೆಳಿಗ್ಗೆಯೇ ದೊಡ್ಡಮ್ಮನ ಬೆಂಕಿಪೆಟ್ಟಿಗೆ ಕದ್ದು ಅಕ್ಕಿ ಡಬ್ಬಿಯಲ್ಲಿ ಹೂತೆ.

ಹುಡುಗನ ತಾಯಿ ನನ್ನ ಮಗಳ ಉಡಿಯಲ್ಲಿ ಸೀರೆಯಿಟ್ಟು, “ಗದ್ವಾಲ್ ರೀ, ನಾನಽ ಆರಿಸಿದ್ದು” ಎಂದರು. ದೊಡ್ಡಮ್ಮನ ಕೈ ಸೊಂಟಕ್ಕೆ ಹೋಗಿ ಬರಿದೇ ಮರಳಿತು. ಗೆದ್ದೆ ಅಂದುಕೊಂಡೆ. ಅಯ್ಯೋ, ಎದುರಿಗೇ ದೀಪ ಉರಿಯುತ್ತಿತ್ತಲ್ಲ!

ಎಳೆ ದೀಪಕ್ಕೆ ತಾಗಿತು. ಮುದುಡಿತು. ತುದಿಯಲ್ಲಿ ಕಪ್ಪು ಮಣಿ ಕಟ್ಟಿತು. ಅದನ್ನು ಕಂಡವರು ಮೂವರೇ: ದೊಡ್ಡಮ್ಮ, ನಾನು, ಹುಡುಗನ ತಾಯಿ. ಅಂಗಡಿಯವನು ಮೋಸ ಮಾಡಿದ್ದು ಆಕೆಗೆ ಆಗಷ್ಟೇ ಗೊತ್ತಾಗಿರಬೇಕು. ಆಕೆ ಸೀರೆಯ ಕಡೆ ನೋಡಲಿಲ್ಲ, ಗಂಡನ ಕಡೆ ನೋಡಿದರು.

“ಏನದು? ನಮ್ಮ ಸೀರಿ ಯಾಕ ಸುಡಾಕತ್ತೀರಿ?” ಗಂಡ ಎದ್ದೇ ನಿಂತರು.

ದೊಡ್ಡಮ್ಮ ಆ ಬಿಸಿ ಮಣಿಯನ್ನು ಬಲಗೈಯಲ್ಲಿ ಮುಚ್ಚಿಕೊಂಡಳು.

“ಗದ್ವಾಲಽ ಐತ್ರಿ ಬೀಗರ. ನಾ ಆ ಊರ ಮಗಳು, ನಾ ಹೇಳ್ತೀನಿ.”

ಅವರು ಕುಳಿತರು.

ಅಕ್ಷತೆ ಹಾಕುವಾಗ ದೊಡ್ಡಮ್ಮ ಎಡಗೈ ಚಾಚಿದಳು. “ಇಷ್ಟು ವಯಸ್ಸಾಗೈತಿ, ಎಡಗೈಲೆ ಅಕ್ಷತಿ ಹಾಕ್ತಾರೇನ್ರೀ?” ಎಂದು ಪುರೋಹಿತರು ಎಲ್ಲರೆದುರು ಗದರಿದರು. ಯಾರ ಮಾತಿಗೂ ಸೋಲದ ನಮ್ಮ ದೊಡ್ಡಮ್ಮ ತಲೆ ತಗ್ಗಿಸಿ, “ತಪ್ಪಾತ್ರಿ” ಎಂದಳು.

ಅವಳ ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಬೆರಳ ಸಂದಿಯಲ್ಲಿ ಚರ್ಮ ಕೆಂಪಾಗಿತ್ತು. ನಾನು ಆ ಮುಷ್ಟಿಯನ್ನು ಬಿಡಿಸದೆ, ಹಾಗೆಯೇ ಎತ್ತಿ, ಮಗಳ ತಲೆಯ ಮೇಲಿಟ್ಟೆ.